ಹೂಂರಾಯರು ಒತ್ತಿದ ಗುಂಡಿ

ಹೂಂರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಯಾರು ಏನು ಕೇಳಿದರೂ ‘ಹೂಂ’ ಎನ್ನುವುದು ಅವರ ಅಭ್ಯಾಸ. ನಿಮ್ಮ ಏಣಿ ಕೊಡ್ತೀರಾ? ಹೂಂ. ಭಾನುವಾರ ನನ್ನ ಬದಲು ಡ್ಯೂಟಿ ಮಾಡ್ತೀರಾ? ಹೂಂ. ಒಂದು ದಿನ ಯಾರೋ ಬಾಯಿತಪ್ಪಿ ಎದುರಿಗೇ ‘ಹೂಂರಾಯರೇ’ ಎಂದು ಕರೆದುಬಿಟ್ಟರು. ಅದಕ್ಕೂ ಹೂಂ ಎಂದರು. ಅಲ್ಲಿಗೆ ನಾಮಕರಣ ಮುಗಿಯಿತು.

ಬಸ್ ಡಿಪೋದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳನ್ನು ಹಿಂದಿರುಗಿಸುವ ಕೌಂಟರಿನಲ್ಲಿ ಅವರ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಮರೆಯುವವರು ಪ್ರಯಾಣಿಕರು, ಬೈಸಿಕೊಳ್ಳುವವರು ರಾಯರು. “ಇದು ನನ್ನ ಕೊಡೆ ಅಲ್ಲ, ನನ್ನದು ಕಪ್ಪು” ಎಂದು ಒಬ್ಬರು ಕೂಗುತ್ತಾರೆ. ಎದುರಿಗೆ ಹರವಿದ ನಲವತ್ತು ಕೊಡೆಗಳೂ ಕಪ್ಪು. ಒಂಟಿ ಚಪ್ಪಲಿ, ಮುಚ್ಚಳವಿಲ್ಲದ ಊಟದ ಡಬ್ಬಿ, ಯಾರದೋ ಒಂದು ಕಟ್ಟು ಎಕ್ಸ್‌ರೇ, ಇವುಗಳ ನಡುವೆ ದಿನವಿಡೀ ಕೂತು, ಸಂಜೆ ಮನೆಗೆ ಬರುವಾಗ ಅವರ ಮುಖವೂ ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನಂತೆಯೇ ಕಾಣುತ್ತಿತ್ತು. ಸಾಲದ್ದಕ್ಕೆ ಎರಡು ವಾರದಿಂದ ಹಲ್ಲುನೋವು. ಡಾಕ್ಟರು ಹಲ್ಲು ಕಿತ್ತಿದ್ದರು, ನೋವು ಮಾತ್ರ ಹೋಗಿರಲಿಲ್ಲ.

ಅವರ ಸುಖ ಒಂದೇ. ಸಂಜೆ ಏಳಕ್ಕೆ ಸೋಫಾದ ಮೇಲೆ ಕಾಲು ಚಾಚಿ, ತಿಂಗಳಿಗಿಷ್ಟು ದುಡ್ಡು ಕಟ್ಟಿ ಟಿವಿಗೆ ಹಾಕಿಸಿಕೊಂಡ ಆ್ಯಪಿನಲ್ಲಿ ಒಂದು ಕಾರ್ಯಕ್ರಮ ನೋಡುವುದು. ಒಬ್ಬ ಮುದುಕ ಮರದಲ್ಲಿ ದೋಣಿ ಕಟ್ಟುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ರಾಯರಿಗೆ ಅದಕ್ಕಿಂತ ಹೆಚ್ಚಿನ ಸ್ವರ್ಗ ಬೇಕಿರಲಿಲ್ಲ.

ಆ ಬುಧವಾರ ದೋಣಿ ಬರಲಿಲ್ಲ. ಕಪ್ಪು ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಐದು ನಿಮಿಷ ಸುತ್ತಿತು, ಹತ್ತು ನಿಮಿಷ ಸುತ್ತಿತು. ರಾಯರು ನೋಡುತ್ತಲೇ ಇದ್ದರು.

“ರೀ, ಇದೇನಾ ಇವತ್ತಿನ ಕಾರ್ಯಕ್ರಮ?” ಎಂದು ಹೆಂಡತಿ ಅಡುಗೆಮನೆಯಿಂದ ಇಣುಕಿದರು.

“ಹೂಂ.”

ಹೆಂಡತಿ ರಿಮೋಟಿನ ಸೆಲ್ಲು ತೆಗೆದು ಅಂಗೈಗೆ ಉಜ್ಜಿ ಮತ್ತೆ ಹಾಕಿದರು. ಚಕ್ರ ನಿಲ್ಲಲಿಲ್ಲ. ಇವರ ಮಾತು ಕೇಳಿ ಮೇಲಿನ ಮನೆಯ ನಿವೃತ್ತ ಲೈನ್‌ಮನ್ ಇಳಿದುಬಂದರು. ಅವರ ಪ್ರಕಾರ ಲೋಕದ ಸಕಲ ತೊಂದರೆಗೂ ವೋಲ್ಟೇಜೇ ಕಾರಣ. “ಲೋಡ್ ಜಾಸ್ತಿ ಆಗಿದೆ, ಫ್ರಿಜ್ ಆಫ್ ಮಾಡಿ. ಫ್ಯಾನ್ ಆಫ್ ಮಾಡಿ. ಲೈಟೂ ಆಫ್ ಮಾಡಿ” ಎಂದರು. ಮೂವರೂ ಕತ್ತಲೆಯಲ್ಲಿ, ಬೆವರುತ್ತ ಕೂತು ಚಕ್ರ ನೋಡಿದರು. “ಈಗ ನೋಡಿ, ಮೊದಲಿಗಿಂತ ಸಲೀಸಾಗಿ ಸುತ್ತುತ್ತಿದೆ” ಎಂದು ಹೇಳಿ ಲೈನ್‌ಮನ್ ತೃಪ್ತಿಯಿಂದ ಮೇಲೆ ಹೋದರು.

ಆ್ಯಪ್ ಅಳಿಸಿ ಮತ್ತೆ ಹಾಕಿದ್ದಾಯಿತು. ಈಗ ಅದು ಪಾಸ್‌ವರ್ಡ್ ಕೇಳಿತು. ರಿಮೋಟಿನ ಬಾಣದ ಗುರುತು ಒತ್ತುತ್ತ, ಒಂದೊಂದೇ ಅಕ್ಷರ ಹುಡುಕಿಕೊಂಡು ಹೋಗಬೇಕು. ಹದಿನಾಲ್ಕು ಅಕ್ಷರ. ಹದಿಮೂರನೆಯದಕ್ಕೆ ಬಂದಾಗ ಬೆರಳು ಜಾರಿ ಎಲ್ಲವೂ ಅಳಿಸಿಹೋಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸರಿಹೋಯಿತು, ಮತ್ತೆ ಅದೇ ಚಕ್ರ ಸುತ್ತತೊಡಗಿತು.

ಕೊನೆಗೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ಇಪ್ಪತ್ತು ನಿಮಿಷ ಕೊಳಲು ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಬಂದಳು.

“ಸರ್, ನಿಮ್ಮ ಖಾತೆಯಲ್ಲಿ ಹದಿನೇಳು ಟಿವಿ, ಫೋನು ಸೇರ್ಕೊಂಡಿವೆ. ಎಲ್ಲಾ ನಿಮ್ಮವೇನಾ?”

“ಹೂಂ.”

“ಒಟ್ಟಿಗೆ ನಾಲ್ಕು ಕಡೆ ಮಾತ್ರ ನೋಡ್ಬಹುದು ಸರ್. ಈಗ ಆಗಲೇ ನಾಲ್ಕು ಕಡೆ ನೋಡ್ತಿದ್ದಾರೆ, ಅದಕ್ಕೇ ನಿಮಗೆ ಬರ್ತಿಲ್ಲ. ಟಿವಿ ಪರದೆಗೆ ಒಂದು ಕೆಂಪು ಗುಂಡಿ ಕಳಿಸ್ತೀನಿ, ಒತ್ತಿಬಿಡಿ. ಎಲ್ಲರೂ ಹೊರಗೆ ಹೋಗ್ತಾರೆ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ನೀವೊಬ್ಬರೇ ಆರಾಮಾಗಿ ನೋಡಿ.”

ಎಲ್ಲರೂ ಎಂದರೆ ಯಾರು ಎಂದು ರಾಯರು ಕೇಳಲಿಲ್ಲ. ‘ನೀವೊಬ್ಬರೇ ಆರಾಮಾಗಿ’ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ಗುಂಡಿ ಒತ್ತಿದರು. ಹೊಸ ಪಾಸ್‌ವರ್ಡನ್ನು ಹೆಂಡತಿ ರಿಮೋಟು ಕಸಿದುಕೊಂಡು, ಪರದೆಗೆ ಅಡ್ಡ ನಿಂತು ಹಾಕಿದರು.

“ಏನಂತ ಹಾಕ್ದೆ?”

“ಹೇಳಲ್ಲ. ನಿಮಗೆ ಹೇಳಿದ್ರೆ ಡಂಗುರ ಸಾರಿದ ಹಾಗೆ.”

ದೋಣಿ ಬಂತು. ಮುದುಕ ಒಂದು ಹಲಗೆ ನಯ ಮಾಡುತ್ತಿದ್ದ. ರಾಯರು ಕಾಲು ಚಾಚಿದರು. ಸರಿಯಾಗಿ ಒಂಬತ್ತು ನಿಮಿಷ ಅವರು ಈ ಭೂಮಿಯ ಮೇಲಿನ ಸುಖಿಗಳಲ್ಲಿ ಒಬ್ಬರಾಗಿದ್ದರು.

ಹತ್ತನೆಯ ನಿಮಿಷಕ್ಕೆ ಅಕ್ಕನ ಫೋನು ಬಂತು.

ಅಕ್ಕನ ಗಂಡ ನಿವೃತ್ತ ಹೆಡ್‌ಮಾಸ್ತರರು. ತಮ್ಮ ಮನೆಯ ಟಿವಿಯಲ್ಲಿ ಬರುವುದೆಲ್ಲ ತಮ್ಮದೇ ಖಾತೆ ಎಂದು ವಾಕಿಂಗಿನ ಗೆಳೆಯರಿಗೆ ಹೇಳಿಕೊಂಡಿದ್ದರು. ಆ ಸಂಜೆ ಐದು ಮಂದಿ ಗೆಳೆಯರು ಮ್ಯಾಚು ನೋಡಲು ಬಂದಿದ್ದರು. ಕೊನೆಯ ಐದು ನಿಮಿಷ ಬಾಕಿ ಇದ್ದಾಗ ಆಟಗಾರರು ಮಾಯವಾಗಿ, ಪರದೆಯ ತುಂಬ ಅಕ್ಷರ ಬಂದವು: ‘ನಿಮ್ಮನ್ನು ಈ ಖಾತೆಯಿಂದ ಹೊರಹಾಕಲಾಗಿದೆ. ಖಾತೆಯ ಮಾಲೀಕರನ್ನು ಸಂಪರ್ಕಿಸಿ.’ ಗೆಳೆಯರಲ್ಲೊಬ್ಬರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, “ಮಾಲೀಕರು ಯಾರು ಮೇಷ್ಟ್ರೇ?” ಎಂದು ಕೇಳಿದರಂತೆ.

“ನಿಮ್ಮ ಭಾವ ಬಾಗಿಲು ಹಾಕ್ಕೊಂಡು ಕೂತಿದ್ದಾರೆ ಕಣೋ. ಐದು ಜನರ ಮುಂದೆ ಹೊರಗೆ ಹಾಕ್ಸಿದ್ಯಲ್ಲ! ನಂಗೊತ್ತು, ಇದೆಲ್ಲಾ ಯಾಕೆ ಅಂತ. ಆ ಹೊಲಿಗೆ ಮಿಷಿನ್ ವಿಷಯ ತಾನೇ?” ಎಂದು ಅಕ್ಕ ಕೇಳಿದಳು.

“ಯಾವ ಮಿಷಿನ್ ಅಕ್ಕಾ?”

“ನಾಟಕ ಆಡ್ಬೇಡ. ಅಮ್ಮನ ಮಿಷಿನ್ ನಾನು ಇಟ್ಕೊಂಡಿದ್ದೀನಿ ಅಂತ ನಿಂಗೆ ಯಾರೋ ಹೇಳಿದ್ದಾರೆ. ಹೌದು, ಇಟ್ಕೊಂಡಿದ್ದೀನಿ. ಅದಕ್ಕೆ ಹೀಗೆ ಮಾಡೋದಾ?”

ಮನೆ ಬದಲಾಯಿಸುವಾಗ ಆ ಮಿಷಿನ್ನನ್ನು ಲಾರಿಯವನು ಎತ್ತಿಕೊಂಡು ಹೋದನೆಂದು ಹನ್ನೊಂದು ವರ್ಷದಿಂದ ನಂಬಿದ್ದ ರಾಯರು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಫೋನು ಇಟ್ಟಿದ್ದಳು. ಅವರು ಹೆಂಡತಿಯ ಮುಖ ನೋಡಿದರು.

“ಪಾಸ್‌ವರ್ಡ್ ಹೇಳ್ಬಿಡೇ. ಅಕ್ಕನಿಗೆ ಕೊಟ್ಬಿಡ್ತೀನಿ.”

“ಆ ಲಾರಿಯವನ ಏಳು ತಲೆಮಾರಿಗೆ ಶಾಪ ಹಾಕ್ಸಿದ್ರಲ್ಲ ನನ್ನ ಕೈಲಿ! ಮೊದಲು ಮಿಷಿನ್ ಬರ್ಲಿ” ಎಂದರು ಹೆಂಡತಿ.

ಮರುದಿನ ಬೆಳಿಗ್ಗೆ ಡಿಪೋ ಮ್ಯಾನೇಜರು ಕರೆಸಿದರು. ಟೇಬಲ್ಲಿನ ಮೇಲೆ ಕೈ ಕಟ್ಟಿ ಕೂತಿದ್ದರು. ಇದು ಅವರು ಬಸ್ಸು ಉರುಳಿದಾಗ ಮಾತ್ರ ಕೂರುವ ಭಂಗಿ.

“ರಾಯರೇ, ನಿನ್ನೆ ಏಳೂ ಮುಕ್ಕಾಲಿಂದ ನಮ್ಮನೇಲಿ ನನ್ನ ಹತ್ರ ಯಾರೂ ಮಾತಾಡ್ತಿಲ್ಲ. ನಮ್ಮನೆಯವರು ನೋಡ್ತಿದ್ದ ಕತೇಲಿ ಕೊಲೆಗಾರ ಇನ್ನೇನು ಮುಖ ತೋರಿಸ್ಬೇಕು, ಅಷ್ಟರಲ್ಲಿ ನೀವು ಹೊರಗೆ ಹಾಕಿದ್ರಿ.”

ಮ್ಯಾನೇಜರು ಒಂದು ವರ್ಷದ ಹಿಂದೆ ಪಾಸ್‌ವರ್ಡು ಕೇಳಿದ್ದು, ತಾವು ಹೂಂ ಎಂದದ್ದು ರಾಯರಿಗೆ ಆಗ ನೆನಪಾಯಿತು.

“ಅದು ಏನಾಯ್ತು ಅಂದ್ರೆ ಸಾರ್, ಚಕ್ರ…”

“ಚಕ್ರನೋ ವಕ್ರನೋ, ನನಗೆಲ್ಲಾ ಅರ್ಥ ಆಗತ್ತೆ. ನಿಮ್ಮ ಬಡ್ತಿ ಫೈಲು ನನ್ನ ಡ್ರಾಯರಲ್ಲಿದೆ ಅಂತ ನಿಮಗೆ ಯಾರು ಹೇಳಿದ್ದು? ಹೆಡ್ ಕ್ಲರ್ಕಾ?”

“ಯಾವ ಫೈಲು ಸಾರ್?”

ಮ್ಯಾನೇಜರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ತಣ್ಣಗೆ ಕೇಳುವ ಮನುಷ್ಯ ಎಂಥ ಆಳದವನು ಎಂದು ಅವರಿಗೆ ಅನಿಸಿರಬೇಕು. “ಎರಡು ವರ್ಷದಿಂದ ಅಲ್ಲೇ ಇದೆ. ಮರೆತುಹೋಯ್ತು ಅಂತಿಟ್ಕೊಳ್ಳಿ. ಆದ್ರೆ ಹಿರಿಯ ಅಧಿಕಾರಿಗೆ ಹೀಗೆ ಪೆಟ್ಟು ಕೊಡೋರನ್ನ ಟೈರ್ ಗೋಡೌನಿಗೆ ಹಾಕೋದೂ ನಂಗೆ ಗೊತ್ತು. ಹೋಗಿ” ಎಂದರು.

ರಾಯರು ಕೌಂಟರಿಗೆ ಬಂದು ಕೂತರು. ಹಲ್ಲು ಝುಂ ಎನ್ನುತ್ತಿತ್ತು. ಅರ್ಧ ದಿನ ರಜೆ ಬರೆದು ಹಲ್ಲಿನ ಡಾಕ್ಟರ ಬಳಿ ಹೋದರು.

ಅಲ್ಲಿಯ ಕಾಯುವ ಕೋಣೆಯ ಟಿವಿ ಕಪ್ಪಗಿತ್ತು. ಕೆನ್ನೆ ಊದಿದ ಏಳು ಜನ ಸುಮ್ಮನೆ ಗೋಡೆ ನೋಡುತ್ತಿದ್ದರು. ಅದನ್ನು ನೋಡುತ್ತಲೇ ರಾಯರಿಗೆ ಹಳೆಯದೊಂದು ನೆನಪಾಯಿತು. ಹಿಂದೊಮ್ಮೆ ಬಾಯಿ ತೆರೆದು ಮಲಗಿದ್ದಾಗ ಡಾಕ್ಟರು, “ಕಾಯೋರಿಗೆ ಬೇಜಾರಾಗತ್ತೆ, ನಿಮ್ಮ ಖಾತೆ ಹಾಕ್ಕೊಳ್ಲಾ?” ಎಂದು ಕೇಳಿದ್ದರು. ತೆರೆದ ಬಾಯಲ್ಲಿ ಬರುವ ಶಬ್ದ ಒಂದೇ. ಅದು ‘ಹೂಂ’ ಎಂಬಂತೆಯೇ ಕೇಳಿಸಿತ್ತು.

ಈಗ ಮತ್ತೆ ಅದೇ ಕುರ್ಚಿ. ಬಾಯೊಳಗೆ ಒಂದು ಕೊಳವೆ, ಒಂದು ಕನ್ನಡಿ, ಡಾಕ್ಟರ ಎರಡು ಬೆರಳು.

“ರಾಯರೇ, ನಿನ್ನೆ ಪೇಷೆಂಟ್‌ಗಳ ಮುಂದೆ ಮರ್ಯಾದೆ ಹೋಯ್ತು. ಟಿವಿ ಹೊರಗೆ ಹಾಕ್ತು ಅಂತ ಇಬ್ಬರು ಎದ್ದು ಹೊರಗೇ ಹೋಗ್ಬಿಟ್ರು. ಒಂದ್ ಮಾತು ಹೇಳ್ಬಹುದಿತ್ತಲ್ವಾ?”

“ಆಆ…”

“ನಿಮಗೆ ಕೋಪ ಬಂದಿರೋದು ಸಹಜ. ನಾನೇ ಹೇಳ್ಬೇಕು ಅಂತಿದ್ದೆ. ಕೆಟ್ಟಿದ್ದು ಒಂದು, ಕಿತ್ತಿದ್ದು ಪಕ್ಕದ್ದು. ನಿಮಗೆ ಹೇಗೆ ಗೊತ್ತಾಯ್ತೋ ಗೊತ್ತಿಲ್ಲ.”

ರಾಯರ ಕಣ್ಣು ಎಷ್ಟು ಅಗಲವಾಯಿತೆಂದರೆ ಡಾಕ್ಟರು ಹೆದರಿ ಬೆರಳು ಹೊರಗೆಳೆದುಕೊಂಡರು.

“ಕೇಸು ಗೀಸು ಹಾಕ್ಬೇಡಿ. ಸರಿಯಾದದ್ದನ್ನ ಈಗಲೇ ಕಿತ್ತುಕೊಡ್ತೀನಿ.”

ಕಿತ್ತರು. ರಾಯರು ಒಂದು ಕೆನ್ನೆ ಹಿಡಿದುಕೊಂಡು ಮನೆಗೆ ಬಂದರು. ಒಂದೇ ಗುಂಡಿ, ಒಂದೇ ಸಲ ಒತ್ತಿದ್ದು. ಒಂದು ದಿನದೊಳಗೆ ಅಕ್ಕನಿಂದ ಮಿಷಿನ್ನು, ಮ್ಯಾನೇಜರಿಂದ ಬಡ್ತಿ, ಡಾಕ್ಟರಿಂದ ಹಲ್ಲು, ಹೀಗೆ ಎಲ್ಲಿ ಕಳೆದುಹೋದವೆಂದೇ ತಮಗೆ ಗೊತ್ತಿಲ್ಲದ ಸಾಮಾನುಗಳ ಪಟ್ಟಿ ಸಿದ್ಧವಾಗಿತ್ತು. ಡಿಪೋದ ಕಂಡಕ್ಟರೊಬ್ಬ ದಾರಿಯಲ್ಲಿ ಕಂಡವನು, ಇವರು ಕೇಳದೆಯೇ, “ಆ ನಿಮ್ಮ ಏಣಿ ಮುರಿದಿದ್ದು ನಾನಲ್ಲ” ಎಂದು ಹೇಳಿ ಬೇಗ ಬೇಗ ನಡೆದುಹೋದ. ಅವನಿಗೆ ಪಾಸ್‌ವರ್ಡು ಯಾವಾಗ ಕೊಟ್ಟಿದ್ದೆನೆಂದು ರಾಯರಿಗೆ ಜ್ಞಾಪಕವೇ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಭಾವ, ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಅವರ ಹಿಂದೆ ಅಕ್ಕ. ಅವಳ ಹಿಂದೆ ತಮ್ಮನ ಹೆಂಡತಿ. ಎಲ್ಲರಿಗಿಂತ ಹಿಂದೆ, ಬಟ್ಟೆಯ ಚೀಲ ಹಿಡಿದುಕೊಂಡು ಅಮ್ಮ. ಅಮ್ಮ ತಮ್ಮನ ಮನೆಯಲ್ಲಿ ಇರುವವರು. ಮೂವರು ಒಳಗೆ ಬಂದರು. ಅಮ್ಮ ಹೊಸ್ತಿಲ ಆಚೆಯೇ ನಿಂತರು.

“ಬಾಮ್ಮಾ ಒಳಗೆ.”

“ಬರಬಹುದಾ? ಹೊರಗೆ ಹಾಕಿದ್ದೀಯಂತಲ್ಲ.”

ತಮ್ಮನ ಹೆಂಡತಿ ರಾಯರ ಕಡೆ ತಿರುಗಿ, ತಲೆ ತಗ್ಗಿಸಿ, “ತಪ್ಪು ನಂದೇ ಭಾವ. ಸೀರಿಯಲ್ ನಿಂತಾಗ ಅತ್ತೆ ಏನು ಬರೆದಿದೆ ಅಂತ ಕೇಳಿದ್ರು. ಇದ್ದದ್ದು ಇದ್ದ ಹಾಗೆ ಓದ್ಬಿಟ್ಟೆ. ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ” ಎಂದಳು.

ರಾಯರು ಅಮ್ಮನ ಚೀಲ ಇಸಿದುಕೊಂಡು, ಕೈ ಹಿಡಿದು ತಂದು ಸೋಫಾದಲ್ಲಿ ಕೂರಿಸಿದರು. ಭಾವ ಹಾಳೆ ಬಿಚ್ಚಿದರು.

“ನೋಡಪ್ಪಾ, ಇದರಲ್ಲಿ ಆರು ಅಂಶಗಳಿವೆ. ಒಂದನೆಯದು, ಹಿರಿಯರಿಗೆ ಮುನ್ಸೂಚನೆ ಕೊಡದೆ…”

“ಆ ಹಾಳೆ ಒಳಗಿಡ್ರೀ” ಎಂದಳು ಅಕ್ಕ. “ಮಿಷಿನ್ ಆಟೋದಲ್ಲಿದೆ, ಮೊದಲು ಅದನ್ನ ಇಳಿಸಿ. ನಂಗೆ ನಾಲ್ಕು ದಿನದಿಂದ ನಿದ್ದೆ ಇಲ್ಲ.”

ಮಿಷಿನ್ನು ಬಂತು. ಅದರ ಚಕ್ರ ಬರಲಿಲ್ಲ, ಅದು ಯಾವಾಗಲೋ ಮುರಿದಿತ್ತಂತೆ. ಅದರ ಹಿಂದೆಯೇ, ಏನೋ ಗಲಾಟೆ ಎಂದು ಮೇಲಿನ ಮನೆಯ ಲೈನ್‌ಮನ್ ಬಂದರು. ಮಿಷಿನ್ನು ನೋಡಿ, ಇದಕ್ಕೂ ವೋಲ್ಟೇಜೇ ಎಂದರು. ಅದು ಕರೆಂಟಿನದಲ್ಲ, ಕಾಲಿನಲ್ಲಿ ತುಳಿಯುವುದು ಎಂದು ಯಾರೂ ಹೇಳುವ ಗೋಜಿಗೆ ಹೋಗಲಿಲ್ಲ.

ರಾಯರು ಉಸಿರು ಬಿಗಿಹಿಡಿದು ಹೇಳಿದರು: “ನಾನು ಯಾರನ್ನೂ ಹೊರಗೆ ಹಾಕ್ಲಿಲ್ಲ. ಚಕ್ರ ಸುತ್ತುತ್ತಿತ್ತು. ಒಟ್ಟಿಗೆ ನಾಲ್ಕೇ ಕಡೆ ನೋಡ್ಬಹುದು, ಗುಂಡಿ ಒತ್ತಿ ಅಂತ ಫೋನಲ್ಲಿ ಆ ಹುಡುಗಿ ಅಂದ್ಳು. ಹೂಂ ಅಂತ ಒತ್ತಿದೆ. ಅಷ್ಟೇ.”



“ಅಂದ್ರೆ ನಿಂಗೆ ಮಿಷಿನ್ ವಿಷಯ ಗೊತ್ತೇ ಇರ್ಲಿಲ್ವಾ?” ಎಂದಳು ಅಕ್ಕ.

“ಇರ್ಲಿಲ್ಲ ಅಕ್ಕಾ.”

ಅಕ್ಕ ಮಿಷಿನ್ನಿನ ಕಡೆ ನೋಡಿದ ನೋಟದಲ್ಲಿ, ಮತ್ತೆ ಆಟೋ ಸಿಗುತ್ತದೆಯೇ ಎಂಬ ಲೆಕ್ಕಾಚಾರವಿತ್ತು. ರಾಯರ ಹೆಂಡತಿ ಅಡ್ಡ ಬಂದು ಮಿಷಿನ್ನಿನ ಮೇಲೆ ಒಂದು ಬಟ್ಟೆ ಹೊದಿಸಿದರು.

ಅಮ್ಮ ಮಗನ ಕಡೆ ತಿರುಗಿದರು. “ನಾನಂದ್ಕೊಂಡೆ, ನಿನ್ನ ಬಿಟ್ಟು ಚಿಕ್ಕವನ ಮನೇಲಿ ಇದ್ದೀನಿ ಅಂತ ನಿಂಗೆ ಕೋಪ ಇದೆ, ಅದನ್ನ ಈಗ ತೋರಿಸ್ದೆ ಅಂತ” ಎಂದರು.

“ಇಲ್ಲಮ್ಮಾ.”

“ಇದ್ರೂ ತಪ್ಪಿಲ್ಲ. ಆದ್ರೆ ಕೇಳು. ನಿನ್ನ ಮನೇಲಿ ಜಗಳ ಇಲ್ಲ, ನೀನು ಎಲ್ಲದಕ್ಕೂ ಹೂಂ ಅಂತೀಯ. ಅಲ್ಲಿ ನಾನಿಲ್ದಿದ್ರೆ ಅವರಿಬ್ರೂ ಪಾತ್ರೆ ಎಸೆದಾಡ್ತಾರೆ.”

ತಮ್ಮನ ಹೆಂಡತಿ ನೆಲ ನೋಡಿದಳು. ಸುಳ್ಳು ಎಂದು ಮಾತ್ರ ಹೇಳಲಿಲ್ಲ.

“ಆ ಸೀರಿಯಲ್ಲು ನಂಗೆ ತಲೇಗೇ ಹತ್ತಲ್ಲ. ಮುನ್ನೂರು ದಿನದಿಂದ ಒಬ್ಬಳು ಬಾಗಿಲ ಹಿಂದೆ ನಿಂತು ಕದ್ದು ಕೇಳ್ತಾನೇ ಇದ್ದಾಳೆ. ಆದ್ರೆ ಇವಳು ಅಂಗಡಿಯಿಂದ ಬಂದು, ಆ ಅರ್ಧ ಗಂಟೆ ನನ್ನ ಪಕ್ಕ ಕೂರ್ತಾಳೆ. ‘ಅತ್ತೆ, ಅವಳು ಯಾರು ಗೊತ್ತಾಯ್ತಾ?’ ಅಂತ ಕೇಳ್ತಾಳೆ. ನಾನು ಗೊತ್ತಾಗ್ಲಿಲ್ಲ ಅಂತೀನಿ. ಅವಳು ಹೇಳ್ತಾಳೆ. ದಿನಕ್ಕೆ ನನ್ನ ಹತ್ರ ಯಾರಾದ್ರೂ ಕೂತು ಮಾತಾಡೋದು ಅಷ್ಟೇ ಹೊತ್ತು.”

ಭಾವ ಆರು ಅಂಶಗಳ ಹಾಳೆಯನ್ನು ಎಂಟಾಗಿ, ಹದಿನಾರಾಗಿ ಮಡಚಿ ಜೇಬಿಗೆ ಹಾಕಿದರು.

ಮೊದಲು ಮಾತಾಡಿದವರು ಲೈನ್‌ಮನ್. ಇರುವ ನಾಲ್ಕು ಜಾಗ ಯಾರು ಯಾರಿಗೆ ಎಂದು ಈಗಲೇ ತೀರ್ಮಾನ ಆಗಲಿ ಎಂದರು. ಅಮ್ಮನಿಗೆ ಒಂದು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಭಾವನ ಮರ್ಯಾದೆಗೆ ಒಂದು ಎಂದಳು ಅಕ್ಕ. ಮ್ಯಾನೇಜರಿಗೆ ಕೊಡದಿದ್ದರೆ ಟೈರ್ ಗೋಡೌನು ಗ್ಯಾರಂಟಿ. ಡಾಕ್ಟರಿಗೆ ಕೊಡದಿದ್ದರೆ ಮುಂದಿನ ಸಲ ಯಾವ ಹಲ್ಲು ಕೀಳುತ್ತಾರೋ ದೇವರೇ ಬಲ್ಲ. ಅಲ್ಲಿಗೆ ನಾಲ್ಕಾಯಿತು. ದುಡ್ಡು ಕಟ್ಟುವವರಿಗೇ ಜಾಗವಿಲ್ಲ ಎಂಬುದನ್ನು ಗಮನಿಸಿದವರು ಹೆಂಡತಿ ಒಬ್ಬರೇ.

“ಇವರಿಗೆ?”

“ಅವನಿಗೇನು, ಅಡ್ಜಸ್ಟ್ ಮಾಡ್ಕೋತಾನೆ. ಅಲ್ವೇನೋ?” ಎಂದಳು ಅಕ್ಕ.

ಎಲ್ಲರೂ ರಾಯರನ್ನು ನೋಡಿದರು. ಅವರ ತುಟಿ ಅಭ್ಯಾಸಬಲದಿಂದ ದುಂಡಗಾಯಿತು. ಆದರೆ ಹಲ್ಲು ಕಿತ್ತ ಗಾಯ ಚುರುಕ್ಕೆಂದು, ಹೊರಗೆ ಬಂದದ್ದು ಬೇರೆಯೇ ಮಾತು.

“ಊಹೂಂ.”

ಆ ಮನೆಯಲ್ಲಿ ಆ ಶಬ್ದ ಹಿಂದೆ ಯಾರೂ ಕೇಳಿರಲಿಲ್ಲ. ರಾಯರೂ ಒಂದು ಕ್ಷಣ, ಯಾರು ಅಂದದ್ದು ಎಂಬಂತೆ ಸುತ್ತ ನೋಡಿದರು. ಆಮೇಲೆ, “ನಂಗೆ ಸಾಕಾಗಿದೆ. ಖಾತೇನೇ ಮುಚ್ಚಿಸ್ತೀನಿ. ಯಾರಿಗೂ ಬೇಡ, ನಂಗೂ ಬೇಡ. ಅಮ್ಮಾ, ನೀನು ನಾಲ್ಕು ದಿನ ಇಲ್ಲಿರು. ಅರ್ಧ ಗಂಟೆ ಏನು, ಸಂಜೆ ಪೂರ್ತಿ ಮಾತಾಡೋಣ” ಎಂದರು. ಎಲ್ಲರ ಎದುರಿಗೇ ಸಹಾಯವಾಣಿಗೆ ಫೋನು ಮಾಡಿ, ಕೊಳಲೆಲ್ಲ ಕೇಳಿ, ಖಾತೆ ಮುಚ್ಚಿಸಿದರು.

ಅಮ್ಮ ನಾಲ್ಕು ದಿನ ಇದ್ದರು. ಟಿವಿ ಕಪ್ಪಗಿತ್ತು. ಅಮ್ಮ ಹಳೆಯ ಕತೆಗಳನ್ನು ಹೇಳಿದರು, ರಾಯರು ಹೂಂಗುಟ್ಟಿದರು. ಕತೆಗೆ ಹೂಂಗುಟ್ಟುವವರು ಬೇಕಲ್ಲ, ಮೊದಲ ಬಾರಿಗೆ ಆ ಗುಣ ಉಪಯೋಗಕ್ಕೆ ಬಂತು. ಐದನೆಯ ದಿನ ತಮ್ಮನ ಹೆಂಡತಿಯೇ ಬಂದು, “ಅತ್ತೆ, ಮನೆ ಭಣಭಣ ಅಂತಿದೆ” ಎಂದು ಕರೆದುಕೊಂಡು ಹೋದಳು. ಇತ್ತ ಡ್ರಾಯರಿನಿಂದ ಫೈಲು ಹೊರಬಂದು ರಾಯರಿಗೆ ಬಡ್ತಿಯೂ ಆಯಿತು: ಮೇಲ್ವಿಚಾರಕರು, ಟೈರ್ ಗೋಡೌನು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ವಾರ ಅಕ್ಕನ ಫೋನು ಬಂತು. “ನಿಮ್ಮ ಭಾವ ಹೊಸದಾಗಿ ನಮ್ಮದೇ ಖಾತೆ ಮಾಡ್ಸಿದ್ರು. ನಿಂಗೊಂದು ಜಾಗ ಇಟ್ಟಿದ್ದೀನಿ, ಬರ್ಕೋ. ಯಾರಿಗೂ ಹೇಳ್ಬೇಡ” ಎಂದಳು. ಮಾರನೆಯ ದಿನ ಮ್ಯಾನೇಜರು ಗೋಡೌನಿಗೇ ಬಂದು, ಟೈರುಗಳ ಮರೆಯಲ್ಲಿ ಒಂದು ಚೀಟಿ ಕೈಗಿಟ್ಟರು. “ನಮ್ಮನೆಯವರೇ ಕೊಡಿ ಅಂದ್ರು. ಯಾರಿಗೂ ಹೇಳ್ಬೇಡಿ.” ಗಾಯ ತೋರಿಸಲು ಹೋದಾಗ ಡಾಕ್ಟರು ಮಾತ್ರೆ ಬರೆದ ಚೀಟಿಯ ಹಿಂದೆ ಪಾಸ್‌ವರ್ಡು ಬರೆದುಕೊಟ್ಟರು. ತಮ್ಮನ ಹೆಂಡತಿಯದನ್ನು ಅಮ್ಮನೇ ಫೋನಿನಲ್ಲಿ ಅಕ್ಷರಕ್ಕೊಂದು ಪ್ರಾಣಿಯ ಹೆಸರು ಹೇಳಿ ಬರೆಸಿದರು.

ನಾಲ್ಕು ಖಾತೆಗಳಾದವು. ದೋಣಿ ಮತ್ತೆ ಬಂತು. ರಾಯರು ಕಾಲು ಚಾಚಿದರು. ಹನ್ನೊಂದು ನಿಮಿಷಕ್ಕೆ, ಎಂದಿನಂತೆ, ಸುಖವಾಗಿ ನಿದ್ದೆ ಹೋದರು. ಹೆಂಡತಿ ಟಿವಿ ಆರಿಸಿದರು.

ಆದರೆ ಖಾತೆ ಯಾರದೋ, ಯಾರು ಏನು ಎಷ್ಟು ನೋಡಿದರು ಎಂಬುದು ಅವರಿಗೆ ಕಾಣುತ್ತದೆ.

“ನಿನ್ನೆ ಹನ್ನೊಂದೇ ನಿಮಿಷಕ್ಕೆ ನಿಲ್ಲಿಸಿದ್ಯಲ್ಲೋ, ಹುಷಾರಿಲ್ವಾ?” ಎಂದು ಬೆಳಿಗ್ಗೆಯೇ ಅಕ್ಕ ಕೇಳಿದಳು.

“ನಮ್ಮದರಲ್ಲಿ ನೀವು ಮೂರು ದಿನದಿಂದ ಏನೂ ನೋಡಿಲ್ಲ. ಇನ್ನೂ ಕೋಪ ಹೋಗಿಲ್ವೇನ್ರೀ?” ಎಂದು ಮ್ಯಾನೇಜರು ಕೇಳಿದರು.

“ಅಕ್ಕಂದು ಮಾತ್ರ ನೋಡ್ತೀಯಂತೆ. ಸೊಸೆ ಮುಖ ಸಣ್ಣ ಮಾಡ್ಕೊಂಡಿದ್ದಾಳೆ” ಎಂದು ಅಮ್ಮ ನೊಂದುಕೊಂಡರು.

ಯಾರ ಮನಸ್ಸನ್ನೂ ನೋಯಿಸುವಂತಿರಲಿಲ್ಲ. ಹೆಂಡತಿ ಒಂದು ವೇಳಾಪಟ್ಟಿ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸಿದರು. ಈಗ ರಾಯರು ದಿನವೂ ಸಂಜೆ ಏಳಕ್ಕೆ ಕೂರುತ್ತಾರೆ. ಅಕ್ಕನ ಖಾತೆಯಲ್ಲಿ ದೋಣಿ ಕಾಲು ಗಂಟೆ, ಮ್ಯಾನೇಜರದರಲ್ಲಿ ಕಾಲು ಗಂಟೆ, ತಮ್ಮನ ಮನೆಯದರಲ್ಲಿ ಕಾಲು ಗಂಟೆ. ಪ್ರತಿ ಸಲವೂ ಹೊರಬಂದು, ಬಾಣದ ಗುರುತು ಒತ್ತುತ್ತ, ಹೊಸ ಪಾಸ್‌ವರ್ಡು ಅಕ್ಷರ ಅಕ್ಷರವಾಗಿ ಹೊಡೆಯಬೇಕು. ಎಂಟಾಗುವ ಹೊತ್ತಿಗೆ ಅವರ ತಲೆ ಎದೆಯ ಮೇಲೆ ಜೋತುಬೀಳುತ್ತದೆ. ಆಗ ಹೆಂಡತಿ ಬಂದು ಭುಜ ಅಲುಗಿಸುತ್ತಾರೆ.

“ಏಳ್ರೀ, ಮಲಗ್ಬೇಡಿ. ಇನ್ನೂ ಡಾಕ್ಟರ್‌ದು ನೋಡೋದಿದೆ.”